ಅಕ್ಕಾ, ಇವತ್ತು ಎಂತ ದಿನ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ದಿನಾಚರಣೆ’ಗಳ ಬಗ್ಗೆಯೇ. ನನ್ನನ್ನು ಕೇಳಿದ್ದು ಸರಿಯಾಗಿಯೇ ಇದೆ. ಕುಮಟೆಯಲ್ಲಿ ನನ್ನದು ಡಿಟಿಪಿ ಮತ್ತು ಬ್ಯಾನರ್ ಅಂಗಡಿ. ಮದುವೆ, ಗೃಹಪ್ರವೇಶ, ಯಕ್ಷಗಾನ ಬಿಟ್ಟರೆ ನನ್ನ ಮೆಷಿನ್ ಓಡುವುದೇ ‘ವಿಶ್ವ ಅದರ ದಿನ’, ‘ರಾಷ್ಟ್ರೀಯ ಇದರ ದಿನ’ಗಳಿಂದ. ಅನ್ನ ಕೊಡುವ ದಿನಗಳನ್ನು ನಗಾಡಬಾರದು ಅನ್ನುತ್ತಾರೆ ನಮ್ಮ ಮನೆಯವರು. ನಗು ಬಂದರೆ ಎಂತ ಮಾಡುವುದು?

ಪ್ರಶ್ನೆ: ವಾರಕ್ಕೊಂದು ಸುತ್ತೋಲೆ ಬರುತ್ತದೆ. ಇಂಥ ದಿನ ಆಚರಿಸಿ, ಫೋಟೋ ಅಪ್‌ಲೋಡ್ ಮಾಡಿ ಅಂತ. ಪಾಠ ಮಾಡುವುದು ಯಾವಾಗ? ಇಷ್ಟೊಂದು ದಿನಗಳನ್ನು ಹುಟ್ಟಿಸುವವರು ಯಾರು?
– ಹೈಸ್ಕೂಲ್ ಮೇಷ್ಟ್ರು, ಅಂಕೋಲಾ

ಉತ್ತರ: ಮೇಷ್ಟ್ರೇ, ಹುಟ್ಟಿಸುವವರಲ್ಲಿ ದೊಡ್ಡ ಮನೆಯವರೂ ಇದ್ದಾರೆ, ನಮ್ಮಂಥವರೂ ಇದ್ದಾರೆ. ದೊಡ್ಡ ಮನೆ ಅಂದರೆ ವಿಶ್ವಸಂಸ್ಥೆ. ಅಲ್ಲಿ ಒಂದು ದೇಶ ಎದ್ದು ನಿಂತು, ಇಂಥದಕ್ಕೊಂದು ದಿನ ಬೇಕು ಅನ್ನುತ್ತದೆ. ಉಳಿದವರು ಹೂಂ ಅನ್ನುತ್ತಾರೆ. ಠರಾವು ಪಾಸು. ಪೆರು ದೇಶ ಕೇಳಿತು, ಮೇ 30 ಆಲೂಗಡ್ಡೆ ದಿನ ಆಯಿತು. 2024ರಲ್ಲಿ ಮೊದಲ ಸಲ ಆಚರಿಸಿದರು. ಕೇಳುವ ಹಕ್ಕು ಅವರಿಗಿದೆ ಬಿಡಿ, ಆಲೂಗಡ್ಡೆಯ ತವರೇ ಆ ಬೆಟ್ಟಗಳು. ಸ್ಲೊವೇನಿಯಾ ಕೇಳಿತು, ಮೇ 20 ಜೇನುಹುಳದ ದಿನ. 18ನೇ ಶತಮಾನದಲ್ಲಿ ಅವರ ದೇಶದಲ್ಲಿ ಆಂಟನ್ ಯಾನ್ಶಾ ಅಂತ ದೊಡ್ಡ ಜೇನು ಸಾಕಣೆಗಾರ ಇದ್ದ, ಅವನ ನೆನಪಿಗೆ. ಮಾರನೆ ದಿನ, ಮೇ 21, ಚಹಾ ದಿನ. ಮೇ 2 ಟ್ಯೂನಾ ಮೀನಿನ ದಿನ. ಮೇ ತಿಂಗಳ ದಿನಗಳನ್ನು ಬಡಿಸಿದರೆ ಒಬ್ಬರ ಹೊಟ್ಟೆ ತುಂಬುತ್ತದೆ. ಹೆಚ್ಚಿನವು ಬೇಸಿಗೆ ರಜೆಯಲ್ಲೇ ಬಂದು ಹೋಗುತ್ತವೆ, ನೀವು ಬಚಾವ್.

ಅಮೆರಿಕದ ಸಂಸತ್ತಿಗಂತೂ ಇದೊಂದು ಚಟವೇ ಆಗಿತ್ತು. 1984ರಲ್ಲಿ ಅಧ್ಯಕ್ಷ ರೇಗನ್ ಮಾರ್ಚ್ 6ನ್ನು ಫ್ರೀಜರಿನಲ್ಲಿಟ್ಟ ಆಹಾರದ ದಿನ ಅಂತ ಘೋಷಿಸಿದರು. ಅದೇ ವರ್ಷ ಜುಲೈ ಮೂರನೇ ಭಾನುವಾರವನ್ನು ಐಸ್‌ಕ್ರೀಮಿಗೆ ಕೊಟ್ಟರು. ಹೀಗೇ ನಡೆದು ನಡೆದು, 1995ರಲ್ಲಿ ಅಲ್ಲಿನ ಕೆಳಮನೆಗೇ ಸಾಕಾಯಿತು. ಇನ್ನು ಮುಂದೆ ಇಂಥ ದಿನಗಳ ಮಸೂದೆ ತರಲೇಬಾರದು ಅಂತ ನಿಯಮ ಮಾಡಿಕೊಂಡರು. ಆದರೆ ಖಾಸಗಿಯವರನ್ನು ತಡೆಯುವವರು ಯಾರು? ಚೇಸ್ ಅನ್ನುವ ಅಣ್ಣತಮ್ಮಂದಿರು 1957ರಿಂದಲೇ ಇಂಥ ದಿನಗಳ ದೊಡ್ಡ ಪಟ್ಟಿ ಅಚ್ಚು ಹಾಕಲು ಶುರು ಮಾಡಿದ್ದರು. 2013ರಲ್ಲಿ ನಾರ್ತ್ ಡಕೋಟಾದ ಮ್ಯಾಂಡನ್ ಅನ್ನುವ ಊರಿನಲ್ಲಿ ಮಾರ್ಲೋ ಆ್ಯಂಡರ್ಸನ್ ಅನ್ನುವವರು ಇದಕ್ಕಾಗಿಯೇ ಒಂದು ಕ್ಯಾಲೆಂಡರ್ ತೆರೆದರು. ಅಲ್ಲಿ ಅರ್ಜಿ ಹಾಕಬಹುದು.

ಇನ್ನು ನಿಮ್ಮ ಫೋಟೋ ಸಂಗತಿ. ಅದು ನನಗೂ ಗೊತ್ತು. ಸಂಜೆ ಆರಕ್ಕೆ ಫೋನ್ ಬರುತ್ತದೆ, “ಅಕ್ಕಾ, ನಾಳೆ ಒಂದು ದಿನ ಇದೆ, ಬೆಳಿಗ್ಗೆ ಒಂಬತ್ತಕ್ಕೆ ಬೇಕು.” ಯಾವ ದಿನ ಅಂತ ಕೇಳಿದರೆ ಸುತ್ತೋಲೆ ಹುಡುಕುತ್ತಾರೆ. ಮರುದಿನ ಮಕ್ಕಳು ಬ್ಯಾನರಿನ ತುದಿ ಹಿಡಿದು ನಿಲ್ಲುತ್ತಾರೆ, ಒಂದು ಕ್ಲಿಕ್, ಬ್ಯಾನರ್ ಕಪಾಟಿಗೆ. ಅಕ್ಟೋಬರ್ 15ರ ಕೈ ತೊಳೆಯುವ ದಿನಕ್ಕೂ ಹೀಗೇ. ಆ ದಿನಕ್ಕೆ ಬೇಕಾದದ್ದು ನೀರು ಮತ್ತು ಸಾಬೂನು. ಸಾಬೂನಿನ ಖರ್ಚು ಬ್ಯಾನರಿಗಿಂತ ಎಷ್ಟೋ ಕಡಿಮೆ. ಇದನ್ನು ನಾನೇ ಹೇಳಬಾರದು.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಆಗಸ್ಟ್ 8ಕ್ಕೆ ನೆರೆಮನೆಯವರ ಜಗುಲಿಯ ಮೇಲೆ ಯಾರಿಗೂ ಕಾಣದ ಹಾಗೆ ತರಕಾರಿ ಇಟ್ಟು ಬರುವ ದಿನ ಇದೆ ಅಂದ. ನನ್ನನ್ನು ತಮಾಷೆ ಮಾಡುತ್ತಿದ್ದಾನಾ?
– ಗೃಹಿಣಿ, ಸಿದ್ದಾಪುರ

ಉತ್ತರ: ಅಮ್ಮಾ, ಮಗ ನಿಜವನ್ನೇ ಹೇಳಿದ್ದಾನೆ. ಪೆನ್ಸಿಲ್ವೇನಿಯಾದ ಲೆಬನಾನ್ ಅನ್ನುವ ಊರಿನ ಥಾಮಸ್ ರಾಯ್, ರೂತ್ ರಾಯ್ ದಂಪತಿ ಹುಟ್ಟಿಸಿದ ದಿನ ಅದು. ಇಂಥ ದಿನಗಳನ್ನು ಹುಟ್ಟಿಸುವುದೇ ಅವರ ಖಯಾಲಿ. ಮೇ 8 ಕಾಲುಚೀಲ ಹಾಕದ ದಿನ, ಅದೂ ಅವರದ್ದೇ. ನಮ್ಮ ಕರಾವಳಿಯವರು ಅದನ್ನು ವರ್ಷವಿಡೀ ಆಚರಿಸುತ್ತೇವೆ.

ಜಗುಲಿಯ ಮೇಲೆ ಇಡುವ ತರಕಾರಿ ಜುಕಿನಿ. ನೋಡಲಿಕ್ಕೆ ಸೌತೆಕಾಯಿ, ಕುಲದಲ್ಲಿ ಕುಂಬಳ. ಆಗಸ್ಟಿನಲ್ಲಿ ಅಲ್ಲಿ ಅದು ಮೈಮೇಲೆ ಬಂದ ಹಾಗೆ ಕಾಯಿ ಬಿಡುತ್ತದಂತೆ. ಎರಡು ದಿನ ಆ ಕಡೆ ನೋಡದಿದ್ದರೆ ಕಾಯಿ ಮೊಣಕೈ ಉದ್ದ. ತಿಂದು ಸಾಕಾಗಿ ಕೊಡಲಿಕ್ಕೆ ಹೋದರೆ ಎಲ್ಲರ ಮನೆಯಲ್ಲೂ ಅದೇ. ಅದಕ್ಕೇ ಕತ್ತಲಲ್ಲಿ ಇಟ್ಟು ಓಡುವುದು.

ನಮ್ಮಲ್ಲಿ ಇದಕ್ಕೊಂದು ದಿನ ಬೇಕಾ ಹೇಳಿ. ಘಟ್ಟದ ಮೇಲಿಂದ ಬ್ಯಾನರ್ ಒಯ್ಯಲಿಕ್ಕೆ ಬರುವ ಗಿರಾಕಿ ಒಬ್ಬರಿದ್ದಾರೆ. ಮಳೆಗಾಲದ ಸೌತೆ ಚಪ್ಪರದಲ್ಲಿ ಬಿಡಲು ಶುರುವಾದರೆ ಅವರ ಕೈಯಲ್ಲಿ ದೊಡ್ಡ ಚೀಲ ಇರುತ್ತದೆ. “ಸ್ವಲ್ಪವೇ ಅಕ್ಕಾ” ಅನ್ನುತ್ತಲೇ ಕೌಂಟರಿನ ಮೇಲೆ ಒಂದೊಂದೇ ಇಡುತ್ತಾರೆ. ಮೇಲೆ ಎಳೆಯದು, ಹಸಿರು, ಇನ್ನೂ ಮುಳ್ಳು ಚುಚ್ಚುವಂಥದ್ದು. ಕೆಳಗೆ ಹೋದಂತೆ ಹಳದಿ. ತಳದಲ್ಲಿ ತೋಳಿಗಿಂತ ದಪ್ಪನೆಯ ಹಣ್ಣುಸೌತೆ, ಬೆನ್ನು ಬಿರಿದದ್ದು. ಇದೆಲ್ಲ ಆಗುವುದು ಬಿಲ್ ಬರೆಯುವ ಮೊದಲು. ಚೌಕಾಸಿ ಆಮೇಲೆ. ಕಣ್ಣೆದುರು ಸೌತೆಕಾಯಿ ರಾಶಿ ಇಟ್ಟುಕೊಂಡು ಚದರಡಿಗೆ ಇಷ್ಟು ಅಂತ ಗಟ್ಟಿಯಾಗಿ ಹೇಳಲಿಕ್ಕೆ ಬಾಯಿ ಬರುತ್ತದಾ?

ಬಲಿತದ್ದರ ತೆಳ್ಳೇವು, ಅಂದರೆ ತೆಳ್ಳನೆಯ ದೋಸೆ, ಮಾಡಿದೆವು. ಮತ್ತೂ ತೆಳ್ಳೇವು ಮಾಡಿದೆವು. ಮನೆಯವರು ಬೆಳಿಗ್ಗೆ ಅವಲಕ್ಕಿ ಕೇಳಲು ಶುರು ಮಾಡಿದ ಮೇಲೆ ಉಳಿದವನ್ನು ಪಕ್ಕದ ಮೊಬೈಲ್ ಅಂಗಡಿಯ ಹುಡುಗನಿಗೆ ಕೊಟ್ಟೆ. ಅವನು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಸಂಜೆ ಶಟರ್ ಎಳೆಯಲಿಕ್ಕೆ ಹೋದರೆ ನಾನು ಕೊಟ್ಟದ್ದರ ಜೊತೆ ಅವನ ಮನೆಯದ್ದೂ ಸೇರಿ ನನ್ನ ಬಾಗಿಲಲ್ಲೇ ಕೂತಿದ್ದವು. ಅವನು ಅಮೆರಿಕಕ್ಕೆ ಹೋದವನಲ್ಲ, ಬೈಕಿನಲ್ಲಿ ಗೋವಾ ಕಂಡವ, ಅಷ್ಟೆ. ಮಗನಿಗೆ ಹೇಳಿ, ಕತ್ತಲು ಬೇಕಾಗುವುದು ನಾಚಿಕೆ ಇದ್ದವರಿಗೆ.

ಪ್ರಶ್ನೆ: ಮಹಿಳಾ ದಿನಕ್ಕೆ ಊರೆಲ್ಲ ಬ್ಯಾನರ್. ಪುರುಷರಿಗೆ ಒಂದು ದಿನ ಇಲ್ಲವಾ?
– ಯುವಕ, ಭಟ್ಕಳ

ಉತ್ತರ: ಇದೆ ತಮ್ಮಾ. ನವೆಂಬರ್ 19. ಟ್ರಿನಿಡಾಡ್‌ನ ಜೆರೋಮ್ ಟೀಲಕ್‌ಸಿಂಗ್ ಅನ್ನುವವರು 1999ರಲ್ಲಿ ಶುರು ಮಾಡಿದ್ದು, ತಮ್ಮ ತಂದೆಯ ಹುಟ್ಟುಹಬ್ಬದ ದಿನವನ್ನೇ ಆರಿಸಿಕೊಂಡು. ಆದರೆ ಅದೇ ನವೆಂಬರ್ 19 ವಿಶ್ವ ಶೌಚಾಲಯ ದಿನವೂ ಹೌದು.

ಶೌಚಾಲಯ ದಿನದ ಹಿಂದೆ ಸಿಂಗಾಪುರದ ಜಾಕ್ ಸಿಮ್ ಇದ್ದಾರೆ. 2001ರಲ್ಲಿ ಅವರು ವಿಶ್ವ ಶೌಚಾಲಯ ಸಂಸ್ಥೆ ಕಟ್ಟಿದಾಗ ಬೇಕೆಂದೇ ಡಬ್ಲ್ಯುಟಿಒ ಅಂತ ಹೆಸರಿಟ್ಟರು, ವಿಶ್ವ ವ್ಯಾಪಾರ ಸಂಸ್ಥೆಯದ್ದೂ ಅದೇ ಹೆಸರು ಅಂತ ಗೊತ್ತಿದ್ದೇ. ಜನ ನಕ್ಕರು. ನಕ್ಕವರು ಆ ವಿಷಯ ಮಾತಾಡಿದರು. 2013ರಲ್ಲಿ ವಿಶ್ವಸಂಸ್ಥೆಯೂ ಒಪ್ಪಿತು. ನಗುವುದಕ್ಕೆ ಹೆದರದವರು ಹುಟ್ಟಿಸಿದ ದಿನ ನನಗೆ ಇಷ್ಟ. ಒಬ್ಬ ಗಿರಾಕಿ ಬಂದು ಖರ್ಚು ಉಳಿಸಲಿಕ್ಕೆ ಎರಡೂ ದಿನಕ್ಕೆ ಒಂದೇ ಬ್ಯಾನರ್ ಮಾಡಿಕೊಡಿ ಅಂದ. ನಿನ್ನ ಫೋಟೋ ಯಾವುದರ ಕಡೆ ಹಾಕಲಿ ಅಂತ ಕೇಳಿದೆ. ಯೋಚಿಸಿ ಹೇಳುತ್ತೇನೆ ಅಂತ ಹೋದವ ಆಮೇಲೆ ಬರಲಿಲ್ಲ.

ಪ್ರಶ್ನೆ: ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನವಂತೆ. ಆಗ ನಮ್ಮ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಇದು ಯಾರ ತಮಾಷೆ?
– ಪಿಯುಸಿ ವಿದ್ಯಾರ್ಥಿನಿ, ಬೈತಖೋಲ, ಕಾರವಾರ

ಉತ್ತರ: ತಮಾಷೆ ಅಲ್ಲ ತಂಗೀ, ಅದು ಕಡಲಿನವರ ದಿನವೇ ಅಲ್ಲ, ಕೆರೆಯವರ ದಿನ. ಕಾಟ್ಲಾ, ರೋಹು ಜಾತಿಯ ಮೀನು ಮಳೆಗಾಲದಲ್ಲಿ ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುತ್ತದೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಞಿ ಅನ್ನುವ ವಿಜ್ಞಾನಿಗಳು ಮೀನಿನ ತಲೆಯೊಳಗಿನ ಒಂದು ಗ್ರಂಥಿಯ ರಸ ತೆಗೆದು, ಬೇರೆ ಮೀನಿಗೆ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದರು. 1957ರ ಜುಲೈ 10, ಒಡಿಶಾದ ಅಂಗುಲ್‌ನಲ್ಲಿ. ಇವತ್ತು ಕೆರೆಗೆ ಬಿಡಲು ಚೀಲದಲ್ಲಿ ತುಂಬಿ ತರುವ ಮೀನುಮರಿ ಆ ವಿದ್ಯೆಯ ಫಲ. ಇಂಥ ದಿನಕ್ಕೆ ನಾನು ನಗುವುದಿಲ್ಲ.

ನಗು ಬರುವುದು ಅದನ್ನು ನಿಮ್ಮ ಕಡೆ ಆಚರಿಸುವ ರೀತಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬಲೆ ಹೊಲಿಯುತ್ತಾ ಕೂತವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಕೆರೆ ಮೀನಿನ ಭಾಷಣ ಕೇಳಿಸಿದರೆ ಅವರಿಗೆ ಎಂತ ಅನ್ನಿಸಬೇಡ? ನಿಮಗೆ ಹತ್ತಿರದ್ದು ನವೆಂಬರ್ 21ರ ವಿಶ್ವ ಮೀನುಗಾರಿಕೆ ದಿನ. ಅದಕ್ಕಿಂತಲೂ ಹತ್ತಿರದ್ದು ನೂಲ ಹುಣ್ಣಿಮೆ. ಕಡಲಿಗೆ ಕಾಯಿ ಬಿಡುತ್ತಾರಲ್ಲ, ಅದಕ್ಕೆ ಸುತ್ತೋಲೆ ಯಾರೂ ಕಳಿಸುವುದಿಲ್ಲ. ಅಂದಹಾಗೆ ಸೆಪ್ಟೆಂಬರ್ 2 ವಿಶ್ವ ತೆಂಗು ದಿನ. ತೆಂಗು ಬೆಳೆಯುವ ದೇಶಗಳು 1969ರಲ್ಲಿ ಆ ದಿನ ಒಂದು ಸಂಘ ಕಟ್ಟಿಕೊಂಡವು. ನಿಮ್ಮಲ್ಲಿ ಕಾಯಿಗೆ ಕಡಲಿನ ಮರ್ಯಾದೆ ಮೊದಲು, ವಿಶ್ವದ ಮರ್ಯಾದೆ ಆಮೇಲೆ.

ಪ್ರಶ್ನೆ: ಕೆಲವು ವರ್ಷದ ಹಿಂದೆ ಪ್ರೇಮಿಗಳ ದಿನಕ್ಕೆ ಆಕಳನ್ನು ಅಪ್ಪಿಕೊಳ್ಳಿ ಅಂತ ಸುದ್ದಿ ಬಂದಿತ್ತು. ಆಮೇಲೆ ಸದ್ದೇ ಇಲ್ಲ. ಎಂತ ಆಯಿತು?
– ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ಅಣ್ಣಾ, ಅದು 2023. ಫೆಬ್ರುವರಿ 14ಕ್ಕೆ ಆಕಳನ್ನು ಅಪ್ಪಿಕೊಳ್ಳುವ ದಿನ ಆಚರಿಸಿ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಕರೆ ಕೊಟ್ಟಿತ್ತು. ಮೊಬೈಲುಗಳಲ್ಲೆಲ್ಲ ನಗುವೋ ನಗು. 10ನೇ ತಾರೀಖಿಗೇ ಕರೆ ವಾಪಸ್. ಬರುವ ಮೊದಲೇ ಮುಗಿದ ದಿನ. ಆಕಳ ಒಪ್ಪಿಗೆ ಯಾರೂ ಕೇಳಿರಲಿಲ್ಲ. ನಿಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡ ಹೊಸಬರು ಹತ್ತಿರ ಬಂದರೆ ಮೊದಲು ಕಿವಿ ಹಿಂದೆ ಹಾಕುತ್ತದೆ, ಆಮೇಲೆ ಕಾಲು. ಅದಕ್ಕೆ ದೀಪಾವಳಿಯ ದೊಡ್ಡ ಹಬ್ಬದ ದಿನ ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ ಹಾಕಿ ಮೇಯಲು ಬಿಟ್ಟರೆ ಸಾಕು.

ಮನುಷ್ಯರನ್ನು ಅಪ್ಪಿಕೊಳ್ಳುವ ದಿನವೂ ಇದೆ, ಜನವರಿ 21. ಅಮೆರಿಕದ ಮಿಷಿಗನ್ ರಾಜ್ಯದ ಕೆವಿನ್ ಝಾಬೋರ್ನಿ ಅನ್ನುವವರು 1986ರಲ್ಲಿ ಶುರು ಮಾಡಿದ್ದು. ಅದಕ್ಕಿಂತ ಮೂರು ವರ್ಷ ಮೊದಲೇ, 1983ರ ಸೆಪ್ಟೆಂಬರ್ 8ರಂದು, ನಿಮ್ಮ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ‘ಅಪ್ಪಿಕೋ’ ಶುರುವಾದದ್ದು ಹಾಗೆ. ಅವತ್ತು ಬ್ಯಾನರ್ ಇತ್ತಾ ಅಂತ ಯಾರೂ ಕೇಳುವುದಿಲ್ಲ. ಅಪ್ಪಿಕೊಳ್ಳುವ ವಿಷಯದಲ್ಲಿ ಶಿರಸಿಯವರಿಗೆ ಮಿಷಿಗನ್ನಿನವರು ಪಾಠ ಹೇಳಬೇಕಾಗಿಲ್ಲ.

ಪ್ರಶ್ನೆ: ಜುಲೈ 1 ವೈದ್ಯರ ದಿನವೋ, ಲೆಕ್ಕಪರಿಶೋಧಕರ ದಿನವೋ?
– ಸಿಎ ಓದುತ್ತಿರುವವಳು, ಕುಮಟಾ

ಉತ್ತರ: ಎರಡೂ. ವೈದ್ಯರ ದಿನ ಯಾರ ನೆನಪಿಗೋ ಆ ಡಾಕ್ಟರ್ ಬಿ.ಸಿ. ರಾಯ್ ಹುಟ್ಟಿದ್ದು 1882ರ ಜುಲೈ 1, ತೀರಿಕೊಂಡದ್ದೂ 1962ರ ಜುಲೈ 1. ನಿಮ್ಮ ಸಿಎ ಸಂಸ್ಥೆ ಹುಟ್ಟಿದ್ದು 1949ರ ಜುಲೈ 1. ಸ್ಟೇಟ್ ಬ್ಯಾಂಕ್ 1955ರ ಜುಲೈ 1. ಜಿಎಸ್‌ಟಿ 2017ರ ಜುಲೈ 1. ಕನ್ನಡ ಪತ್ರಿಕೆಯವರದ್ದೂ ಅದೇ ದಿನ, 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರಲ್ಲ. ಅವರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಂಡು ಬೇರೆ ಬೇರೆ ತಾರೀಖು ಹಿಡಿಯಬಾರದಿತ್ತಾ?

ಜೂನ್ 30ರ ರಾತ್ರಿ ನನ್ನ ಅಂಗಡಿ ನೋಡಬೇಕು. ಹೊರಗೆ ಮಳೆ. ಒಳಗೆ ಒಂದೇ ಅಳತೆಯ ಬಟ್ಟೆ ಸುರುಳಿಗಳು ಗೋಡೆಗೆ ಒರಗಿ ನಿಂತಿರುತ್ತವೆ. ಎಲ್ಲರಿಗೂ ಬೆಳಿಗ್ಗೆ ಹತ್ತಕ್ಕೇ ಬೇಕು. ತುದಿಗೆ ಚೀಟಿ ಅಂಟಿಸದಿದ್ದರೆ ಸ್ಟೆತಾಸ್ಕೋಪಿನ ಚಿತ್ರ ಆಡಿಟರ್ ಆಫೀಸಿಗೆ ಹೋಗುತ್ತದೆ. ಕರೆಂಟು ಆ ರಾತ್ರಿಯೇ ಹೋಗುತ್ತದೆ, ಅದಕ್ಕೆ ಮಾತ್ರ ಯಾರೂ ಒಂದು ದಿನ ಇಟ್ಟಿಲ್ಲ.

ಪ್ರಶ್ನೆ: ದಿನ ಹುಟ್ಟಿಸಿ ಆಮೇಲೆ ಅಯ್ಯೋ ಅಂದವರು ಇದ್ದಾರಾ?
– ಅಂಚೆ ನೌಕರ, ಯಲ್ಲಾಪುರ

ಉತ್ತರ: ಇದ್ದರು. ತಾಯಂದಿರ ದಿನಕ್ಕಾಗಿ ಓಡಾಡಿದ ಅನ್ನಾ ಜಾರ್ವಿಸ್. 1914ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸರ್ಕಾರದ ಮುದ್ರೆ ಬಿತ್ತು. ಬಿದ್ದದ್ದೇ ತಡ, ಹೂವಿನವರು, ಮಿಠಾಯಿಯವರು, ಕಾರ್ಡಿನವರು ಮುತ್ತಿಕೊಂಡರು. ಅಮ್ಮನಿಗೆ ನಾಲ್ಕು ಸಾಲು ಸ್ವಂತ ಕೈಯಲ್ಲಿ ಬರೆಯಲಾಗದವರು ಅಚ್ಚು ಹಾಕಿದ ಕಾರ್ಡು ಕೊಡುತ್ತಾರೆ ಅಂತ ಅವರಿಗೆ ಸಿಟ್ಟು. 1948ರಲ್ಲಿ ಸಾಯುವವರೆಗೂ ಆ ಸಿಟ್ಟು ಇಳಿಯಲಿಲ್ಲ. ಅಚ್ಚು ಹಾಕುವವಳು ನಾನು, ಇದಕ್ಕಿಂತ ಹೆಚ್ಚು ಮಾತಾಡುವುದಿಲ್ಲ.

ಪ್ರಶ್ನೆ: ನಿಮ್ಮ ಪ್ರಕಾರ ಎಲ್ಲಕ್ಕಿಂತ ಹುಚ್ಚು ದಿನ ಯಾವುದು?
– ಹೈಸ್ಕೂಲ್ ಹುಡುಗ, ಹೊನ್ನಾವರ

ಉತ್ತರ: ಸೆಪ್ಟೆಂಬರ್ 19. ಕಡಲ್ಗಳ್ಳರ ಹಾಗೆ ಮಾತಾಡುವ ದಿನ. ಆರೆಗನ್ ರಾಜ್ಯದ ಜಾನ್ ಬಾವರ್ ಮತ್ತು ಮಾರ್ಕ್ ಸಮ್ಮರ್ಸ್ ಅನ್ನುವ ಇಬ್ಬರು ಗೆಳೆಯರು 1995ರಲ್ಲಿ ಆಟ ಆಡುತ್ತಾ ಕಡಲ್ಗಳ್ಳರ ಹಾಗೆ ಕೂಗಾಡಿಕೊಂಡರು. ಮಜಾ ಬಂತು, ಇದಕ್ಕೊಂದು ದಿನ ಇರಲಿ ಅಂದರು. ಯಾವ ತಾರೀಖು? ಸಮ್ಮರ್ಸ್‌ಗೆ ನೆನಪಿನಲ್ಲಿ ಉಳಿಯುವುದು ಬಿಟ್ಟ ಹೆಂಡತಿಯ ಹುಟ್ಟುಹಬ್ಬ. ಅದೇ ಇರಲಿ ಅಂತಾಯಿತು. 2002ರಲ್ಲಿ ಡೇವ್ ಬ್ಯಾರಿ ಅನ್ನುವ ಹಾಸ್ಯ ಅಂಕಣಕಾರ ಬರೆದ ಮೇಲೆ ಲೋಕಕ್ಕೆಲ್ಲ ಹಬ್ಬಿತು. ನಾನೂ ಅಂಕಣ ಬರೆಯುತ್ತೇನೆ, ಆದರೆ ನನ್ನ ಮಾತಿಗೆ ಪಕ್ಕದ ಅಂಗಡಿಯವನೂ ಅಲುಗುವುದಿಲ್ಲ.

ಒಂದು ಮಾತು ಹೇಳುತ್ತೇನೆ ಮಾಣೀ. ಈ ದಿನಕ್ಕೆ ಉದ್ಘಾಟಕರಿಲ್ಲ, ದೀಪ ಬೆಳಗುವುದಿಲ್ಲ, ವಂದನಾರ್ಪಣೆ ಇಲ್ಲ. ಹುಚ್ಚು ಅಂತ ಅದಕ್ಕೇ ಗೊತ್ತಿದೆ. ನನಗೆ ಇಂಥವೇ ಮರ್ಯಾದಸ್ಥ ದಿನಗಳ ಹಾಗೆ ಕಾಣುತ್ತವೆ. ನಿಜ ಹೇಳಬೇಕೆಂದರೆ ಈ ದಿನದ ಮೇಲೆ ಆರೆಗನ್ನಿಗಿಂತ ಹೊನ್ನಾವರಕ್ಕೇ ಹಕ್ಕು ಜಾಸ್ತಿ. ನಿಮ್ಮ ಊರನ್ನು ನೆಲೆ ಮಾಡಿಕೊಂಡು ಹಡಗು ಸುಲಿಯುತ್ತಿದ್ದ ತಿಮ್ಮೋಜ 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯ ಮೇಲೆ ಹೋದಾಗ ಜೊತೆಗಿದ್ದ. ಅವನು ಹೇಗೆ ಮಾತಾಡುತ್ತಿದ್ದನೋ. ನಿನ್ನ ಹಾಗೇ “ಎಂತ ಮಾರಾಯ” ಅನ್ನುತ್ತಿದ್ದರೂ ಅನ್ನುತ್ತಿದ್ದ.

ಪ್ರಶ್ನೆ: ನಮ್ಮ ಹೊಳೆಗೂ ಒಂದು ದಿನ ಇದೆಯಂತೆ, ಹೌದಾ?
– ಗಜನಿ ಬೇಸಾಯಗಾರ, ಮಾಣಿಕಟ್ಟಾ

ಉತ್ತರ: ಹೌದು. ಫೆಬ್ರುವರಿ 2, ಜೌಗು ನೆಲಗಳ ದಿನ. ಇಂಥ ನೆಲ ಉಳಿಸಲು 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಒಪ್ಪಂದದ ನೆನಪು. ನಿಮ್ಮ ಹೊಳೆ ಅಘನಾಶಿನಿಯ ಅಳಿವೆ 2024ರಲ್ಲಿ ಆ ರಾಮ್ಸಾರ್ ಪಟ್ಟಿಗೆ ಸೇರಿತು. ಉಪ್ಪು ನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ನಿಮಗೆ ಅಲ್ಲಿನ ಮಹತ್ವ ನಾನು ಹೇಳಬೇಕಾಗಿಲ್ಲ. ಕಾರ್ಯಕ್ರಮ ಮಾಡುವವರಿಗೆ ಒಂದೇ ಮಾತು ಹೇಳಿ. ಗಡಿಯಾರ ನೋಡಿ ಹೊತ್ತು ಇಡಬೇಡಿ, ಭರತ ಇಳಿತ ನೋಡಿ ಇಡಿ. ಇಳಿತದ ಹೊತ್ತಿಗೆ ಹೆಂಗಸರೆಲ್ಲ ಬಳಚು (ತಿನ್ನುವ ಚಿಪ್ಪು) ತೆಗೆಯಲು ಹೊಳೆಯಲ್ಲಿ ಇರುತ್ತಾರೆ. ಹೊಳೆಯ ಭಾಷಣ ಖಾಲಿ ಕುರ್ಚಿಗಳಿಗೆ ಆಗುತ್ತದೆ.

ಪ್ರಶ್ನೆ: ಪ್ರತಿ ಸಲ ಹೊಸ ಬ್ಯಾನರಿಗೆ ದುಡ್ಡು ಹಾಕಿ ಸಾಕಾಯಿತು. ‘ವಿಶ್ವ’ ಮತ್ತು ‘ದಿನಾಚರಣೆ’ ಮಾತ್ರ ಮುದ್ರಿಸಿ ನಡುವೆ ಜಾಗ ಬಿಟ್ಟ ಬ್ಯಾನರ್ ಮಾಡಿಕೊಡುತ್ತೀರಾ?
– ಯುವಕ ಸಂಘದ ಕಾರ್ಯದರ್ಶಿ, ಗೋಕರ್ಣ

ಉತ್ತರ: ಮಾಡಿಕೊಡುತ್ತೇನೆ. ಬುದ್ಧಿವಂತರು ನೀವು. ಬಟ್ಟೆಯದ್ದೇ ಮಾಡಿಸಿ, ಪ್ಲಾಸ್ಟಿಕ್ ಫ್ಲೆಕ್ಸ್ ಕೇಳಬೇಡಿ. ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧ ಇದೆ. ಆದರೂ ಜೂನ್ 5ರ ಪರಿಸರ ದಿನಕ್ಕೆ ‘ಪ್ಲಾಸ್ಟಿಕ್ ಬಿಡಿ’ ಅಂತ ಬರೆಸಲು ಬಂದವರೇ ಫ್ಲೆಕ್ಸ್ ಆದರೆ ಚೆನ್ನಾಗಿ ಹೊಳೆಯುತ್ತಿತ್ತು ಅನ್ನುತ್ತಾರೆ.

ನಡುವಿನ ಹೆಸರು ಬೇರೆ ಪಟ್ಟಿಯಲ್ಲಿ ಮಾಡಿಸಿ, ಹಿಂದೆ ವೆಲ್‌ಕ್ರೋ ಹೊಲಿಸಿ. ಜಾಗ ಮಾತ್ರ ಧಾರಾಳ ಇರಲಿ. ‘ಚಹಾ’ ಅಂದರೆ ಒಂದು ಗೇಣು ಸಾಕು, ಜೂನ್ 12ರ ‘ಬಾಲಕಾರ್ಮಿಕ ಪದ್ಧತಿ ವಿರೋಧಿ’ಗೆ ಮೂರು ಅಡಿ ಬೇಕಾಗುತ್ತದೆ. ಇಸವಿ ಹಾಕಿಸಬೇಡಿ. ಮಡಚಿ ಇಟ್ಟರೆ ಗೆರೆ ಬೀಳುತ್ತದೆ, ಪೈಪಿಗೆ ಸುತ್ತಿ ಇಡಿ, ಮಳೆಗಾಲದಲ್ಲಿ ಆಗಾಗ ಬಿಚ್ಚಿ ಗಾಳಿಗೆ ಹಾಕಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಮುಖ್ಯ ಅತಿಥಿಗಳ ಫೋಟೋ ಮೂಲೆಯಲ್ಲಿ ಖಾಯಂ ಇರಲಿ ಅಂತ ಬರೆದಿದ್ದೀರಿ. ಅದಕ್ಕೂ ವೆಲ್‌ಕ್ರೋ ಹಾಕಿಸಿ, ಚುನಾವಣೆ ಬರುತ್ತದೆ. ಅಡ್ವಾನ್ಸ್ ಅರ್ಧ.